ಸ್ಟಾರ್ಟ್ ಆಗದ ಅಪ್ಪನ ಗಾಡಿ

ಜ್ಞಾನೇಶ,

ಆಸ್ಪತ್ರೆಗೆ ಹೊರಟೆ. ಎಮ್ಮೆಗೆ ಹುಲ್ಲು ಹಾಕಿದ್ದೀನಿ, ನೀರು ನೀನಿಡು. ಮುದ್ದೆ ಮಾಡಿಟ್ಟಿದ್ದೀನಿ, ಉಣ್ಣು.

ಅಪ್ಪನ ಗಾಡಿ ಓಡಿಸಬೇಡ. ನಿನ್ನೆ ಬೆಳಿಗ್ಗೆ ಅವರು ಎದೆ ಹಿಡ್ಕೊಂಡು ಕೂತಿದ್ದಾಗ ನೀನೆಷ್ಟು ಕಿಕ್ ಹೊಡೆದ್ರೂ ಅದು ಸ್ಟಾರ್ಟ್ ಆಗಲಿಲ್ಲವಲ್ಲ, ಯಾಕೆ ಅಂತ ಈಗ ಗೊತ್ತಾಯ್ತು. ಪೆಟ್ರೋಲ್ ಮುಗಿದಿದೆ ಅಂತ ಮೊನ್ನೆ ಸಂಜೆ ನಿನ್ನ ಗೆಳೆಯ ಪುನೀತನ ಹೊಸ ಗಾಡಿಯಿಂದ ತೆಗೆದು ಹಾಕಿದೆಯಲ್ಲ, ಅದರಲ್ಲಿ ಎಥನಾಲೇ ಹೆಚ್ಚು ಕಣ್ಲಾ. ಪೆಟ್ರೋಲಿಗಿಂತ ಅದು ಜಾಸ್ತಿ ಇಂಜಿನ್ ಒಳಗೆ ಹೋಗ್ಬೇಕು, ಇಲ್ದಿದ್ರೆ ಸರಿಯಾಗಿ ಉರಿಯಲ್ಲ. ಚಳೀಲಿ ಬೇಗ ಆವಿಯೂ ಆಗಲ್ಲ. ಅವನದು ಫ್ಲೆಕ್ಸ್ ಫ್ಯೂಯಲ್ ಇಂಜಿನ್, ಎಷ್ಟು ಬೆರೆತಿದೆ ಅಂತ ತಾನೇ ತಿಳ್ಕೊಂಡು ಅಷ್ಟು ಬಿಡುತ್ತೆ. ನಮ್ಮ ಹಳೇ ಕಾರ್ಬುರೇಟರ್‌ಗೆ ಅದು ಆಗಲ್ಲ. ಟ್ಯಾಂಕ್ ಪೂರ್ತಿ ಖಾಲಿ ಮಾಡು, ಒಲೆಯಿಂದ ದೂರ.

ಆಟೋ ಬರೋದು ತಡವಾಗಿ ಅಪ್ಪನ ಹೃದಯಕ್ಕೆ ಪೆಟ್ಟಾಗಿರೋದು ನಿಜ. ನಿನಗೆ ಸುಳ್ಳು ಹೇಳಲ್ಲ. ಆದ್ರೆ ನೀನು ಗೊತ್ತಿದ್ದು ಮಾಡ್ಲಿಲ್ಲ.

ನಿನ್ನೆ ಸಂಜೆ ಅಪ್ಪ ಕಣ್ಣು ಬಿಟ್ಟು, "ಅವನೆಲ್ಲಿ?" ಅಂದ್ರು. ಹೊರಗೆ ನಿಂತಿದ್ದಾನೆ ಅಂದೆ. "ಕರಿ" ಅಂದ್ರು. ನಾನು ಹೊರಗೆ ಬರೋಷ್ಟರಲ್ಲಿ ನೀನು ಹೊರಟುಹೋಗಿದ್ದೆ.

ತಿಪಟೂರು ಬಸ್ ಹತ್ತು. ಸೀದಾ ಅವರ ಮಂಚದ ಹತ್ರ ಬಾ.

ಅಕ್ಕ