ಸ್ಟುಡಿಯೋ ದನಿ

ಮಾರ್ಚ್ 3, ಸೋಮವಾರ

ಇವತ್ತೂ ಜಾಹೀರಾತಿನ ಅದೇ ಸಾಲು ಓದಿದೆ. ‘ಕಾಂಡೋಮ್ ಬಳಸಿ, ಎಚ್‌ಐವಿಯಿಂದ ನಿಮ್ಮನ್ನು ಕಾಪಾಡಿಕೊಳ್ಳಿ.’ ಒಮ್ಮೆ ಡಾಕ್ಟರ್ ಹಾಗೆ, ಒಮ್ಮೆ ಗೆಳತಿಯ ಹಾಗೆ. ಗೋಡೆಗೆಲ್ಲ ಸ್ಪಂಜು. ಹೆಡ್‌ಫೋನಿನಲ್ಲಿ ನನ್ನದೇ ಉಸಿರು, ಪಕ್ಕದಲ್ಲಿ ಯಾರೋ ನಿದ್ದೆ ಮಾಡುತ್ತಿರುವ ಹಾಗೆ. ಗಾಜಿನಾಚೆ ಗಡ್ಡ, ರೆಕಾರ್ಡಿಂಗ್ ಮಾಡುವವನಿಗೆ ನಾನಿಟ್ಟ ಹೆಸರು. ಹೆಬ್ಬೆರಳು ಎತ್ತಿದ. ಅದಕ್ಕಾಗಿ ಇನ್ನೂ ನೂರು ಸಲ ಓದಿಯೇನು.

ಜಾಹೀರಾತಿನ ಮೇಡಂ ಕೇಳಿದರು, “ಹೀಗೆ ಹೇಳೋ ಧೈರ್ಯ ನಿಮ್ಮ ವಯಸ್ಸಿನವರಿಗೆ ನಿಜವಾಗ್ಲೂ ಇರುತ್ತಾ?”

“ಯಾಕಿರಲ್ಲ ಮೇಡಂ, ಇದೇನು ಮಹಾ.” ಅಂದುಬಿಟ್ಟೆ.

ಮಾರ್ಚ್ 5

ಸಂಜೆ ಗಡ್ಡನ ಜೊತೆ ಸೇತುವೆ ದಾಟಿದೆ. ಕೈ ಹಿಡಿದ. ಕೆಳಗೆ ನೀರಿನಲ್ಲಿ ದೀಪಗಳು ಕರಗುತ್ತಿದ್ದವು. ಭಾನುವಾರ ರೂಮಿಗೆ ಬಾ ಅಂದ. ಹೂಂ ಅಂದೆ. ಎಷ್ಟು ಬೇಗ ಅಂದೆ...

ನನಗೂ ಬೇಕು. ಆದರೆ ಅವನಿಗೆ ಹಿಂದೆ ಒಬ್ಬಳಿದ್ದಳು, ಅವನೇ ಹೇಳಿದ್ದ. ಇಬ್ಬರೂ ಟೆಸ್ಟ್ ಮಾಡಿಸೋಣ, ಕಾಂಡೋಮ್ ಇರಲಿ — ಇಷ್ಟೇ ಹೇಳಬೇಕಾದದ್ದು. ಬಚ್ಚಲಲ್ಲಿ ಅಭ್ಯಾಸ ಮಾಡಿದೆ. ಹೊರಗಿನಿಂದ ಅಕ್ಕ, “ಯಾರ ಹತ್ರನೇ ಮಾತು?”

“ಕೆಲಸದ್ದು ಕಣೇ.”

“ಮೈಕ್ ಮುಂದೆ ಹುಲಿ, ಜನರ ಮುಂದೆ ಇಲಿ.”

ಹಾಳಾದವಳು, ಎಲ್ಲ ಗೊತ್ತಾಗುತ್ತೆ ಇವಳಿಗೆ.

ಮಾರ್ಚ್ 9, ಭಾನುವಾರ, ಸಂಜೆ

ಅವನ ಕಿಟಕಿಗೆ ತೆಳು ನೀಲಿ ಪರದೆ. ಮಧ್ಯಾಹ್ನವೆಲ್ಲ ರೂಮು ನೀರೊಳಗೆ ಇದ್ದ ಹಾಗಿತ್ತು. ಅವನ ಭುಜಕ್ಕೆ ತಲೆಯಿಟ್ಟು, ಕಣ್ಣು ಮುಚ್ಚಿ, ಹೇಳಿಯೇಬಿಟ್ಟೆ.

ಬಂದದ್ದು ಸ್ಟುಡಿಯೋ ದನಿ. ಸ್ಪಷ್ಟ ಉಚ್ಚಾರಣೆ, ಸರಿಯಾದ ಜಾಗದಲ್ಲಿ ನಿಲುಗಡೆ, ಕೊನೆಗೆ ನಗು ಬೆರೆಸಿದ ‘ಕಾಪಾಡಿಕೊಳ್ಳೋಣ’. ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. “ಸೂಪರ್. ಟೇಕ್ ಓಕೆ.”

ನಾನೂ ನಕ್ಕೆ. ಅದೇ ತಪ್ಪಾದದ್ದು. ಮುತ್ತಿಟ್ಟ. ಬೆಣ್ಣೆಯ ಹಾಗೆ ಕರಗಿದೆ. ಆಮೇಲೆ ಹೇಗೋ ಎದ್ದು, ತಲೆನೋವು ಅಂತ ಸುಳ್ಳು ಹೇಳಿ ಬಂದೆ. ಸಿಟ್ಟು ಅವನ ಮೇಲಲ್ಲ, ಈ ಗಂಟಲಿನ ಮೇಲೆ.

ಮಾರ್ಚ್ 19

ಬರೆಯಲು ಮನಸ್ಸಾಗಲಿಲ್ಲ. ಅವನಿಗೆ ಮುಖ ತಪ್ಪಿಸುತ್ತಿದ್ದೇನೆ. ನಾನು ಒಲ್ಲೆ ಅಂದೆ ಅಂತಲೇ ತಿಳಿದಿದ್ದಾನೆ. ಅಕ್ಕನ ಮುಂದೆ ಎಲ್ಲ ಹೇಳಿ ಅತ್ತೆ. ಇವತ್ತು ಅವಳು ರೇಗಿಸಲಿಲ್ಲ. “ಚೆನ್ನಾಗಿ ಹೇಳೋಕೆ ಹೋಗ್ಬೇಡ. ತೊದಲಿದ್ರೂ ಪರವಾಗಿಲ್ಲ, ನಿಜ ಅಂತ ಗೊತ್ತಾದ್ರೆ ಸಾಕು.”

ಮಾರ್ಚ್ 23, ಭಾನುವಾರ

ಅವನ ರೂಮಿನ ಮೆಟ್ಟಿಲ ಮೇಲೆ ಕೂತೆವು. ಒಳಗೆ ಹೋದರೆ ಮರೆತೇನು ಅಂತ ನಾನೇ ಹೋಗಲಿಲ್ಲ.

“ನೀನು ಬೇಕು ನಂಗೆ. ಭಯನೂ ಇದೆ. ಇಬ್ರೂ ಟೆಸ್ಟ್... ಕಾಂಡೋಮ್ ಇಲ್ದೆ ನಾನು... ಆಗಲ್ಲ.” ದನಿ ಒಡೆಯಿತು, ಮೂಗು ಸೋರಿತು.

ನಗಲಿಲ್ಲ. ಚಪ್ಪಲಿಯ ಪಟ್ಟಿ ಎಳೆಯುತ್ತ ಕೇಳಿದ, “ನನ್ಮೇಲೆ ಡೌಟಾ?”

“ಡೌಟಲ್ಲ ಕಣೋ. ನನ್ನ ನಾನು ನೋಡ್ಕೋಬೇಕಲ್ಲ.”

“ಆಯ್ತು. ಕಾಂಡೋಮ್ ಇರ್ಲಿ.” ಆಮೇಲೆ ಮೆಲ್ಲಗೆ, “ಟೆಸ್ಟ್ ಯಾವತ್ತೂ ಮಾಡ್ಸಿಲ್ಲ ನಾನು. ಏನಾದ್ರೂ ಇದೆ ಅಂತ ಬಂದ್ರೆ... ಬಿಟ್ಟು ಹೋಗ್ತೀಯಾ?”

“ನಾಳೆ ಬೆಳಿಗ್ಗೆನೇ ಟೆಸ್ಟಿಗೆ ಹೋಗೋಣ,” ಅಂದೆ. ಅವನು ಕೇಳಿದ್ದು ಅದಲ್ಲ. ಅವನ ಕೈ ತಣ್ಣಗಿತ್ತು.

ಮಾರ್ಚ್ 24, ಬೆಳಿಗ್ಗೆ

ಟೆಸ್ಟ್ ಸೆಂಟರಿನ ಬೆಂಚಿನ ಮೇಲೆ ಕೂತೇ ಬರೆಯುತ್ತಿದ್ದೇನೆ. ರಕ್ತ ಕೊಟ್ಟಾಯಿತು. ಒಬ್ಬೊಬ್ಬರನ್ನೇ ಒಳಗೆ ಕರೆದು ರಿಸಲ್ಟ್ ಹೇಳುತ್ತಾರಂತೆ. ಅವನು ಚೀಟಿಯನ್ನು ಮಡಚಿ, ಬಿಚ್ಚಿ, ಮತ್ತೆ ಮಡಚುತ್ತಿದ್ದಾನೆ. ರಾತ್ರಿಯೆಲ್ಲ ಅವನ ಪ್ರಶ್ನೆಯನ್ನೇ ಯೋಚಿಸಿದೆ, ಉತ್ತರ ಗೊತ್ತು: ಬಿಟ್ಟು ಹೋಗಲ್ಲ. ರಿಸಲ್ಟ್ ಬಂದ ಮೇಲೆ ಹೇಳಿದರೆ ಅದಕ್ಕೆ ಬೆಲೆಯಿಲ್ಲ, ಈಗಲೇ ಹೇಳಬೇಕು. ಅವನನ್ನು ಕರೆದರು. ಎದ್ದ. ಏ, ನಿಲ್ಲೋ —