ನಾಲ್ಕನೇ ಮಹಡಿಯ ಕಾರಿಡಾರಿನಲ್ಲಿ ಉಳಿದುಹೋದ ಅರ್ಧ ಮಾತು

ಮಾನ್ಯ ಪಿಂಚಣಿ ಮತ್ತು ಆರೋಗ್ಯ ವಿಮಾ ನಿರ್ದೇಶಕರೇ,

ಈ ತಿಂಗಳ ಕೊನೆಗೆ ತಮ್ಮ ಕಚೇರಿ ನನ್ನ ಅಮ್ಮನ ಆರೋಗ್ಯ ವಿಮೆಯನ್ನು ನಿಲ್ಲಿಸುತ್ತಿದೆ. ಕಾರಣವನ್ನು ಬಹಳ ಮರ್ಯಾದೆಯಿಂದ ಬರೆದು ತಿಳಿಸಿದ್ದೀರಿ: ‘ನಿವೃತ್ತ ನೌಕರರು ತಮ್ಮ ಆಯ್ಕೆಯನ್ನು ಬದಲಿಸಲು ಖುದ್ದಾಗಿ ಹಾಜರಾಗದೇ ಇರುವುದರಿಂದ ಮನವಿಯನ್ನು ಪರಿಗಣಿಸಲು ಬರುವುದಿಲ್ಲ.’ ಆ ನಿವೃತ್ತ ನೌಕರರು ನನ್ನ ಅಪ್ಪ. ಅವರು ಹಾಜರಾಗಲಿಲ್ಲ ಎಂಬುದು ನಿಜ. ಅವರು ತೀರಿಕೊಂಡಿದ್ದಾರೆ. ಮನವಿಯ ಜೊತೆ ಮರಣ ಪ್ರಮಾಣಪತ್ರವನ್ನೂ ಲಗತ್ತಿಸಿದ್ದೆವು. ತಮ್ಮ ಕಚೇರಿ ಅದನ್ನು ಓದಿ, ಅದರ ಮೇಲೆ ‘ಪರಿಶೀಲಿಸಲಾಗಿದೆ’ ಎಂದು ಮೊಹರು ಒತ್ತಿ, ಆಮೇಲೂ ಅವರ ದಾರಿ ಕಾದಿದೆ. ಇಷ್ಟು ನಂಬಿಕೆಯಿಂದ ಅಪ್ಪನಿಗಾಗಿ ಕಾದವರನ್ನು ನಾನು ಬೇರೆಲ್ಲೂ ಕಂಡಿಲ್ಲ. ಮನೆಯಲ್ಲಿ ನಾವೇ ಕಾಯುವುದನ್ನು ಬಿಟ್ಟಿದ್ದೇವೆ.

ತಾವು ನನ್ನ ಅಪ್ಪನನ್ನು ಬಲ್ಲಿರಿ. ಸರಿಯಾಗಿ ಹೇಳಬೇಕೆಂದರೆ, ಅವರ ಬೆನ್ನನ್ನು ಬಲ್ಲಿರಿ. ತಮ್ಮ ಕಟ್ಟಡದ ಹಳೆಯ ಲಿಫ್ಟ್ ನಡೆಸುತ್ತಿದ್ದವರು ಅವರು. ಮಡಚುವ ಕಬ್ಬಿಣದ ಬಾಗಿಲು, ಹಿತ್ತಾಳೆಯ ಹಿಡಿ, ಮೂಲೆಯಲ್ಲೊಂದು ಎತ್ತರದ ಸ್ಟೂಲು; ಬಾಗಿಲ ಕಡೆಗೆ ಮುಖ, ಜನರ ಕಡೆಗೆ ಬೆನ್ನು. ತಾವು ಕಿರಿಯ ಅಧಿಕಾರಿಯಾಗಿ ಎರಡನೇ ಮಹಡಿಗೆ ಹೋಗುತ್ತಿದ್ದಾಗ, ಬಡ್ತಿ ಸಿಕ್ಕಿ ಮೂರನೆಯದಕ್ಕೆ ಹೋಗುತ್ತಿದ್ದಾಗ, ಕೊನೆಗೆ ನಾಲ್ಕನೆಯದರ ಮೂಲೆಯ ಕೋಣೆಗೆ ಹೋಗುತ್ತಿದ್ದಾಗ, ಪ್ರತಿಸಲ ತಮ್ಮನ್ನು ಮೇಲಕ್ಕೆ ಒಯ್ದದ್ದು ಅದೇ ಕೈ. ತಮ್ಮ ಏಳಿಗೆಯಲ್ಲಿ ಅಪ್ಪನ ಪಾಲೂ ಇದೆ ಎಂದರೆ ತಾವು ಅಲ್ಲಗಳೆಯುವಂತಿಲ್ಲ.

ಆ ಲಿಫ್ಟಿನಲ್ಲಿ ಒಂದು ಬಿಳಿ ತಗಡಿನ ಫಲಕವಿತ್ತು: ‘ಲಿಫ್ಟ್ ಚಾಲಕರು ಪ್ರಯಾಣಿಕರೊಂದಿಗೆ ಸಂಭಾಷಣೆ ನಡೆಸತಕ್ಕದ್ದಲ್ಲ.’ ಯಾವ ಕಾಲದ ಯಾವ ಚಾಲಕ ಯಾರ ತಲೆ ತಿಂದಿದ್ದನೋ ಗೊತ್ತಿಲ್ಲ, ಅದರ ಶಿಕ್ಷೆಯನ್ನು ಅಪ್ಪ ಕೆಲಸ ಮುಗಿಯುವವರೆಗೆ ಅನುಭವಿಸಿದರು. ಅನುಭವಿಸಿದರು ಎನ್ನುವುದೂ ತಪ್ಪು, ಅವರಿಗೆ ಅದರ ಬಗ್ಗೆ ಹೆಮ್ಮೆ ಇತ್ತು. ‘ಎಷ್ಟನೇ ಮಹಡಿ?’ ಎಂದು ಕೂಡ ಕೇಳುತ್ತಿರಲಿಲ್ಲ, ಹುಬ್ಬು ಎತ್ತುತ್ತಿದ್ದರು. ಆದರೆ ಕಿವಿಗೆ ಯಾರೂ ಫಲಕ ಹಾಕಿರಲಿಲ್ಲವಲ್ಲ. ಇಡೀ ದಿನ ಕೇಳಿದ್ದನ್ನು ಹೊತ್ತು ತಂದು ಸಂಜೆ ಅಮ್ಮನ ಹೊಲಿಗೆ ಯಂತ್ರದ ಪಕ್ಕ ಕೂತು ಸುರಿಯುತ್ತಿದ್ದರು. ತೊಂದರೆ ಏನೆಂದರೆ, ಅವರು ತಂದ ಯಾವ ಸುದ್ದಿಗೂ ಕೊನೆ ಇರುತ್ತಿರಲಿಲ್ಲ. ಲೆಕ್ಕಾಧಿಕಾರಿಯ ತಮ್ಮ ಮದುವೆ ಮುರಿದುಕೊಂಡು ಹೊರಟ ಸಂಗತಿ ಒಂದನೇ ಮಹಡಿಯಲ್ಲಿ ಶುರುವಾಗುತ್ತಿತ್ತು. ಹುಡುಗಿ ಏನಂದಳು ಎನ್ನುವಷ್ಟರಲ್ಲಿ ಬಾಗಿಲು ತೆರೆಯಬೇಕಾಗುತ್ತಿತ್ತು. ಅಮ್ಮ ಯಂತ್ರ ನಿಲ್ಲಿಸಿ, “ಆಮೇಲೆ?” ಎನ್ನುತ್ತಿದ್ದಳು. ಅಪ್ಪ ಕೈ ಚೆಲ್ಲಿ, “ಮಹಡಿ ಬಂತು” ಎನ್ನುತ್ತಿದ್ದರು. ಉಳಿದದ್ದನ್ನು ಅಮ್ಮ ತಾನೇ ಹೊಲಿದು ಪೂರ್ತಿ ಮಾಡುತ್ತಿದ್ದಳು. ನಮ್ಮ ಮನೆಯಲ್ಲಿ ಅರ್ಧಕ್ಕೆ ನಿಂತ ಯಾವುದಕ್ಕೂ, ಸೋರುವ ನಲ್ಲಿಯ ರಿಪೇರಿಯಿಂದ ಹಿಡಿದು ನನ್ನ ಕೆಲಸದ ಹುಡುಕಾಟದವರೆಗೆ, ‘ಮಹಡಿ ಬಂತು’ ಎಂದೇ ಹೆಸರು.

ಹೀಗೆ ಬಂದ ಅರ್ಧ ಸುದ್ದಿಗಳಲ್ಲಿ ಒಂದು ತಮ್ಮದು. ತಾವು ಹೊಸದಾಗಿ ಬಂದ ಅಧಿಕಾರಿಯೊಬ್ಬರಿಗೆ ಲಿಫ್ಟಿನಲ್ಲಿ ವಿವರಿಸುತ್ತಿದ್ದಿರಂತೆ: ನಿವೃತ್ತ ನೌಕರ ತೀರಿಕೊಂಡರೂ ಅವನ ಹೆಂಡತಿಗೆ ಆರೋಗ್ಯ ವಿಮೆ ಮುಂದುವರಿಯುತ್ತದೆ. ಅಪ್ಪ ಅಂದು ಮನೆಗೆ ಬಂದ ಖುಷಿ ನನಗೆ ಚೆನ್ನಾಗಿ ನೆನಪಿದೆ. ಚಪ್ಪಲಿ ಬಿಡುವ ಮೊದಲೇ ಅಮ್ಮನಿಗೆ ಹೇಳಿದರು, ಅದೂ ತಮ್ಮ ಗತ್ತಿನಲ್ಲೇ, ತಮ್ಮ ಹಾಗೆಯೇ ತೋರುಬೆರಳು ಎತ್ತಿ. ಮಾನ್ಯರೇ, ಆ ವಾಕ್ಯದ ಮುಂದೆ ಒಂದು ‘ಆದರೆ’ ಇತ್ತು ಎಂದು ನನಗೆ ಈಗ ಗೊತ್ತು. ಅಷ್ಟರಲ್ಲಿ ನಾಲ್ಕನೇ ಮಹಡಿ ಬಂದಿತ್ತು. ತಮ್ಮ ‘ಆದರೆ’ ಕಾರಿಡಾರಿನಲ್ಲಿ ಬಿತ್ತು. ಬೆನ್ನಟ್ಟಿ ಹೋಗಿ ‘ಸ್ವಾಮಿ, ಮುಂದೇನು?’ ಎಂದು ಕೇಳೋಣವೆಂದರೆ ತಗಡಿನ ಫಲಕ ಅಡ್ಡ.

ನಿವೃತ್ತರಾಗಲಿರುವವರಿಗೆಂದು ತಾವು ಪ್ರತಿ ವರ್ಷ ನಾಲ್ಕನೇ ಮಹಡಿಯ ಸಭಾಂಗಣದಲ್ಲಿ ಮಾಹಿತಿ ಸಭೆ ನಡೆಸುತ್ತೀರಿ. ಅಪ್ಪನಿಗೂ ಆಹ್ವಾನವಿತ್ತು. ಆ ದಿನ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋದರು. ಹೋಗಿ, ಆ ವರ್ಷ ನಿವೃತ್ತರಾಗಲಿದ್ದವರನ್ನೆಲ್ಲ ಒಂದೊಂದೇ ಗುಂಪು ಮಾಡಿ ಸಭೆಗೆ ಮೇಲೆ ಬಿಟ್ಟರು. ತಡವಾಗಿ ಬಂದವರನ್ನೂ ಬಿಟ್ಟರು. ಚಹಾದ ಕೆಟಲನ್ನೂ ಬಿಟ್ಟರು. ಅವರೊಬ್ಬರು ಲಿಫ್ಟಿನಲ್ಲೇ ಉಳಿದರು, ಅವರ ಬದಲಿಗೆ ಹಿಡಿ ಹಿಡಿಯಲು ಬೇರೆ ಯಾರೂ ಇರಲಿಲ್ಲ. ಆದರೂ ಹಾಜರಿಯಲ್ಲಿ ಅವರ ಸಹಿ ಇದೆ. ಗುಮಾಸ್ತರೊಬ್ಬರು ಲಿಫ್ಟಿಗೇ ಬಂದು ಹಾಕಿಸಿಕೊಂಡು ಹೋಗಿದ್ದರು. ಈಗ ತಮ್ಮ ಕಚೇರಿ ಆ ಸಹಿಯನ್ನು ತೋರಿಸಿ, ‘ನೌಕರರಿಗೆ ಎಲ್ಲ ನಿಯಮಗಳನ್ನೂ ವಿವರವಾಗಿ ತಿಳಿಸಲಾಗಿತ್ತು’ ಎನ್ನುತ್ತಿದೆ. ಸಭೆಗೆ ಬಂದ ಪ್ರತಿಯೊಬ್ಬರನ್ನೂ ಸಭೆಗೆ ತಲುಪಿಸಿದ ಮನುಷ್ಯ ಸಭೆಗೆ ಬಂದಿದ್ದ ಎನ್ನುವುದಾದರೆ, ಊರಿನ ಬಸ್ ಚಾಲಕರಿಗೆಲ್ಲ ಪದವಿ ಕೊಡಬೇಕಾಗುತ್ತದೆ. ದಿನಾ ಕಾಲೇಜಿನ ಬಾಗಿಲವರೆಗೆ ಹೋಗುತ್ತಾರಲ್ಲ?

ಇನ್ನು ಆಯ್ಕೆಯ ವಿಷಯ. ತಮಗೆ ತಿಳಿಯದ್ದೇನಲ್ಲ, ಓದುವ ಉಳಿದವರಿಗಾಗಿ ಹೇಳುತ್ತೇನೆ. ನಿವೃತ್ತರಾಗುವಾಗ ನೌಕರರು ಒಂದನ್ನು ಆರಿಸಬೇಕು: ಪಿಂಚಣಿಯನ್ನು ಪೂರ್ತಿ ತಾವೇ ಪಡೆಯುವುದು, ಇಲ್ಲವೇ ತಿಂಗಳಿಗೆ ಸ್ವಲ್ಪ ಕಡಿಮೆ ಪಡೆದು, ತಾವು ಹೋದ ಮೇಲೆ ಹೆಂಡತಿಗೋ ಗಂಡನಿಗೋ ಒಂದು ಪಾಲು ಉಳಿಯುವಂತೆ ಮಾಡುವುದು. ಅಪ್ಪ ಪೂರ್ತಿ ಪಿಂಚಣಿ ಆರಿಸಿದರು. ಅಪ್ಪ ತೀರಿಕೊಂಡ ಮೇಲೆ ತಮ್ಮ ಕಚೇರಿಗೆ ಹೋದಾಗ ಮೂರನೇ ಕೌಂಟರಿನ ಮೇಡಂ ಇದನ್ನು ಓದಿ, ‘ಪೂರ್ತಿ ತಮಗೇ ಬೇಕು ಅಂದಿದ್ದಾರೆ ನೋಡಿ’ ಎಂದರು. ಆ ‘ತಮಗೇ’ ಅಮ್ಮನಿಗೆ ಚುಚ್ಚಿತು. ಏಕೆಂದರೆ ಅಮ್ಮ ವಕೀಲರ ಕಪ್ಪು ಕೋಟುಗಳಿಗೆ ಗುಂಡಿಯ ಕಾಜಾ ಹಾಕುವವಳು. ಕಪ್ಪು ಬಟ್ಟೆ, ಕಪ್ಪು ದಾರ. ಅವಳ ಕಣ್ಣಿನ ಒಳಪರದೆಯಲ್ಲಿ ಊತವಿದೆ. ಆಗಾಗ ಇಂಜೆಕ್ಷನ್ ಕೊಡಿಸುತ್ತಿದ್ದರೆ ಅದು ನಿಂತಲ್ಲೇ ನಿಲ್ಲುತ್ತದೆ. ಆಯ್ಕೆಯ ಕಾಗದ ತಂದ ಸಂಜೆ ಅಪ್ಪ ಯಂತ್ರದ ಪಕ್ಕ ಕೂತು ಹೇಳಿದ್ದು ಇಷ್ಟು:

“ಪಾಲು ಬಿಟ್ಟುಕೊಟ್ರೆ ತಿಂಗಳಿಗೆ ಒಂಚೂರು ಜಾಸ್ತಿ ಬರುತ್ತೆ. ನೀನು ಈ ಕಪ್ಪು ಕಾಜಾ ನಿಲ್ಲಿಸ್ಬಿಡು. ಬಿಳಿ ಬಟ್ಟೆ ಮಾತ್ರ ತಗೋ.”

“ನಿಮ್ಮ ನಂತರ ನನ್ನ ಗತಿ?”

“ನನ್ನ ನಂತರ ನೀನು ಹೊಲಿದು ತಿಂತೀಯ, ನನಗಿಂತ ಗಟ್ಟಿಗಿತ್ತಿ. ಕಣ್ಣೊಂದು ಇರಬೇಕು. ಕಣ್ಣಿಗೆ ವಿಮೆ ಇರುತ್ತಲ್ಲ, ಸಾಹೇಬ್ರೇ ಹೇಳಿದಾರೆ.”

“ಆಮೇಲೆ ಏನಂದ್ರು ಸಾಹೇಬ್ರು?”

“ಮಹಡಿ ಬಂತು.”

ಇಬ್ಬರೂ ನಕ್ಕರು. ಅಮ್ಮ ನಗುತ್ತಲೇ ಒಪ್ಪಿಗೆಯ ಸಹಿ ಹಾಕಿದಳು. ಅಪ್ಪ ತಮಗಾಗಿ ಏನನ್ನೂ ಆರಿಸಿಕೊಳ್ಳಲಿಲ್ಲ, ಮಾನ್ಯರೇ. ಅವಳ ನಾಳಿನ ಹಣವನ್ನು ಬಿಟ್ಟು ಅವಳ ಕಣ್ಣನ್ನು ಉಳಿಸಿಕೊಂಡೆ ಎಂದುಕೊಂಡರು. ವ್ಯಾಪಾರ ಚೆನ್ನಾಗಿಯೇ ಇತ್ತು, ತಮ್ಮ ‘ಆದರೆ’ ಒಂದು ಇಲ್ಲದಿದ್ದರೆ.

ನಿವೃತ್ತರಾಗಿ ವರ್ಷ ತುಂಬಲಿಲ್ಲ. ಒಂದು ಬೆಳಿಗ್ಗೆ ವಾಕಿಂಗಿಗೆ ಹೊರಟು ಶೂ ಲೇಸ್ ಕಟ್ಟಲು ಬಗ್ಗಿದವರು ಏಳಲಿಲ್ಲ. ಅಪ್ಪನ ಅಕ್ಕ, ನನ್ನ ಸೋದರತ್ತೆ, ಅಳುವುದನ್ನೂ ಬೈಯುವುದನ್ನೂ ಒಟ್ಟಿಗೆ ಮಾಡಬಲ್ಲವಳು. “ಜೀವಮಾನವೆಲ್ಲ ಮೇಲೆ ಹೋದವನು ಕೆಳಗೆ ಬರ್ತಿದ್ದ, ಈ ಸಲ ಹೋದವನು ಬಾಗಿಲು ಹಾಕ್ಕೊಂಡ” ಎಂದಳು.

ಮೂರನೇ ಕೌಂಟರಿನಲ್ಲಿ ನಮಗೆ ವಾಕ್ಯದ ಉಳಿದರ್ಧ ಸಿಕ್ಕಿತು. ಮೇಡಂ ಓದಿ ಹೇಳಿದರು: ನೌಕರ ತೀರಿಕೊಂಡರೂ ಹೆಂಡತಿಗೆ ವಿಮೆ ಮುಂದುವರಿಯುತ್ತದೆ, ಆದರೆ ಕುಟುಂಬ ಪಿಂಚಣಿಯ ಪಾಲು ಉಳಿಸಿಕೊಂಡವರಿಗೆ ಮಾತ್ರ. ಕಾರಣ, ವಿಮೆಯ ಕಂತನ್ನು ಆ ಪಿಂಚಣಿಯಿಂದಲೇ ಕಡಿತ ಮಾಡಬೇಕು. ಪಿಂಚಣಿಯೇ ಇಲ್ಲದಿದ್ದರೆ ಕಡಿತ ಎಲ್ಲಿಂದ? ಅಮ್ಮ, ಕಂತನ್ನು ತಿಂಗಳು ತಿಂಗಳು ತಾನೇ ತಂದು ಕಟ್ಟುತ್ತೇನೆ ಎಂದಳು. ಹಾಗೆ ಕೈಯಿಂದ ಕೊಟ್ಟದ್ದನ್ನು ತೆಗೆದುಕೊಳ್ಳಲು ಬರುವುದಿಲ್ಲವಂತೆ. ಕಡಿತವೇ ಆಗಬೇಕಂತೆ. ಕೊಡುತ್ತೇನೆ ಎಂದು ಕೈ ಚಾಚಿದವಳ ಹತ್ತಿರ ತೆಗೆದುಕೊಳ್ಳದೆ, ಇಲ್ಲದ ಕಡೆಯಿಂದ ಕತ್ತರಿಸಲು ಹೊರಟ ಕತ್ತರಿಯನ್ನು ಅಮ್ಮ ತನ್ನ ವೃತ್ತಿಯಲ್ಲಿ ಎಂದೂ ಕಂಡಿಲ್ಲ.

ಮೇಲ್ವಿಚಾರಕರು ಒಳ್ಳೆಯವರು, ನಮ್ಮನ್ನು ಕೂರಿಸಿ ಮಾತಾಡಿದರು. ಆಯ್ಕೆಯನ್ನು ಒಂದು ವರ್ಷದೊಳಗೆ ಬದಲಿಸಬಹುದು, ಆದರೆ ನೌಕರರೇ ಬರಬೇಕು ಎಂದರು. ಅವರ ಬದಲು ಹೆಂಡತಿಗೆ ಆ ಅವಕಾಶ ಕೊಡುವ ವಿಶೇಷ ಅಧಿಕಾರ ನಿರ್ದೇಶಕರಿಗೆ ಇದೆಯಂತೆ, ಇದುವರೆಗೆ ಯಾರೂ ಬಳಸಿಲ್ಲವಂತೆ. ಅಂದರೆ ಅದು ಹೊಸದರಂತೆಯೇ ಇರಬೇಕು.

ಹೀಗಾಗಿ ಕಳೆದ ವಾರ ನಾನೂ ಅಮ್ಮನೂ ತಮ್ಮ ಕೋಣೆಯ ಹೊರಗಿನ ಬೆಂಚಿನಲ್ಲಿ ಸಂಜೆಯವರೆಗೆ ಕೂತಿದ್ದೆವು. ಕೊನೆಗೆ ತಾವು ಹೊರಗೆ ಬಂದು ಲಿಫ್ಟಿನ ಕಡೆ ನಡೆದಿರಿ. ನಾವೂ ಹಿಂದೆಯೇ ಬಂದೆವು. ತಾವು ಸಜ್ಜನರು, ಮುಚ್ಚುತ್ತಿದ್ದ ಬಾಗಿಲಿಗೆ ಕೈ ಅಡ್ಡ ಹಿಡಿದು, “ಕೆಳಗಾ?” ಎಂದು ಕೇಳಿದಿರಿ. ಅಮ್ಮ ತಲೆ ಆಡಿಸಿದಳು. ಈಗ ಅಲ್ಲಿರುವುದು ಹೊಸ ಲಿಫ್ಟ್, ತನ್ನಷ್ಟಕ್ಕೆ ಓಡುತ್ತದೆ, ಹೆಣ್ಣು ದನಿಯಲ್ಲಿ ಪ್ರತಿ ಮಹಡಿಯ ಸಂಖ್ಯೆಯನ್ನೂ ಹೇಳುತ್ತದೆ. ಆದರೂ ಹಳೆಯ ಫಲಕವನ್ನು ಜೋಪಾನವಾಗಿ ತಂದು ಇದಕ್ಕೂ ಹೊಡೆದಿದ್ದೀರಿ. ಚಾಲಕರಿಲ್ಲದ ಲಿಫ್ಟಿನಲ್ಲಿ ಚಾಲಕರು ಮಾತಾಡಬಾರದು. ನಿಯಮ ಇಷ್ಟು ಚೆನ್ನಾಗಿ ಪಾಲನೆಯಾಗುತ್ತಿರುವುದು ಬಹುಶಃ ಇದೇ ಮೊದಲು.

ತಮ್ಮ ಪಕ್ಕದಲ್ಲೇ ನಿಂತಿದ್ದೆವು. ತಮ್ಮೊಬ್ಬರ ಕೈಯಲ್ಲಿ ಮಾತ್ರ ಆಗುವ ಕೆಲಸ, ತಾವೊಬ್ಬರೇ, ಕೈಯಲ್ಲಿ ಫೋನೂ ಇರಲಿಲ್ಲ. ನಾಲ್ಕು, ಮೂರು, ಎರಡು, ಒಂದು. ಕೆಳಗೆ ಬಂದಾಗ ತಾವು ಮುಗುಳ್ನಕ್ಕು ಹೊರಟಿರಿ. ನಾವಿಬ್ಬರೂ ಒಂದಕ್ಷರ ಆಡಿರಲಿಲ್ಲ. ಬೀದಿಗೆ ಬಂದ ಮೇಲೆ, ಯಾಕಮ್ಮ ಸುಮ್ಮನಿದ್ದೆ ಎಂದು ಕೇಳಿದೆ.

“ಲಿಫ್ಟಲ್ಲಿ ಸಾಹೇಬ್ರನ್ನ ಮಾತಾಡಿಸಿದ್ರೆ ನಿಮ್ಮಪ್ಪನ ಮರ್ಯಾದೆ ಏನಾಗುತ್ತೆ?” ಎಂದಳು.

ನನ್ನದು ಅಷ್ಟು ದೊಡ್ಡ ಕಾರಣವಲ್ಲ. ಸಾಹಿತ್ಯದಲ್ಲಿ ಪದವಿ ಪಡೆದವಳು, ಒಳಗೊಳಗೇ ಒಂದು ವಾಕ್ಯ ಕಟ್ಟುತ್ತಿದ್ದೆ. ಅದರ ಮೊದಲ ಪದವನ್ನು ಬದಲಿಸುವಷ್ಟರಲ್ಲಿ ನೆಲಮಹಡಿ ಬಂತು. ಮನೆಯಲ್ಲಿ ವಿಷಯ ಕೇಳಿ ಸೋದರತ್ತೆ ಹಣೆ ಚಚ್ಚಿಕೊಂಡಳು: “ಒಬ್ಬಳಿಗೆ ಗಂಡನ ಮರ್ಯಾದೆ, ಇನ್ನೊಬ್ಬಳಿಗೆ ಪದಜೋಡಣೆ. ನನ್ನನ್ನ ಕರ್ಕೊಂಡು ಹೋಗಿದ್ರೆ ಮೂರನೇ ಮಹಡಿ ದಾಟೋ ಮುಂಚೆ ಸಹಿ ಆಗಿರ್ತಿತ್ತು.” ಆಗಿರುತ್ತಿತ್ತು ಎಂಬುದರಲ್ಲಿ ನನಗೆ ಅನುಮಾನವಿಲ್ಲ. ತಾವು ಅವಳಿಂದ ಪಾರಾಗಿದ್ದೀರಿ, ಅದಕ್ಕಾಗಿಯಾದರೂ ನಮ್ಮ ಮೇಲೆ ಸ್ವಲ್ಪ ಕರುಣೆ ಇರಲಿ.

ಹಾಸ್ಯ ಸಾಕು. ತಮ್ಮ ನಿಯಮ ಆಯ್ಕೆ ಬದಲಿಸಲು ಒಂದು ವರ್ಷ ಕೊಡುತ್ತದೆ. ಯಾಕೆ ಕೊಡುತ್ತದೆ? ಮನುಷ್ಯ ತಪ್ಪು ತಿಳಿಯುತ್ತಾನೆ, ಅವಸರ ಮಾಡುತ್ತಾನೆ ಎಂದು ಅದನ್ನು ಬರೆದವರಿಗೆ ಗೊತ್ತಿತ್ತು. ಮನುಷ್ಯ ಆ ವರ್ಷದೊಳಗೆ ಸಾಯಲೂಬಹುದು ಎಂಬುದು ಮಾತ್ರ, ಸತ್ತವರ ಮನೆಯವರನ್ನು ನೋಡಿಕೊಳ್ಳಲೆಂದೇ ಇರುವ ಕಚೇರಿಗೆ ಹೊಳೆಯಲಿಲ್ಲವೇ? ಆ ಆಯ್ಕೆಯ ಕಾಗದಕ್ಕೆ ಅಮ್ಮನ ಸಹಿಯೂ ಬೇಕೆಂದು ಕೇಳಿ ಪಡೆದಿದ್ದೀರಿ. ಕಳೆದುಕೊಳ್ಳುವಾಗ ಬೇಕಾದ ಸಹಿ, ಉಳಿಸಿಕೊಳ್ಳುವಾಗ ಯಾಕೆ ಬೇಡ?

ಆದ್ದರಿಂದ ಕೇಳುತ್ತಿದ್ದೇನೆ. ಅಪ್ಪ ಬಳಸದೇ ಬಿಟ್ಟುಹೋದ ಅವಧಿಯಲ್ಲಿ ಆಯ್ಕೆ ಬದಲಿಸುವ ಹಕ್ಕನ್ನು ಅಮ್ಮನಿಗೆ ಕೊಡಿ. ಅಪ್ಪ ಹೆಚ್ಚಾಗಿ ಪಡೆದದ್ದನ್ನು ಅವಳ ಪಾಲಿನಿಂದ ಹಿಡಿದುಕೊಳ್ಳಿ, ಕಡಿತವೆಂದರೆ ತಮಗೆ ಪ್ರೀತಿ ತಾನೇ. ತೀರ್ಮಾನ ಆಗುವವರೆಗೆ ವಿಮೆಯನ್ನು ನಿಲ್ಲಿಸಬೇಡಿ. ಮುಂದಿನ ಸಭೆಯಲ್ಲಿ ನಿಯಮಗಳ ‘ಆದರೆ’ಗಳನ್ನು ಮೊದಲು ಓದಿ, ಉಳಿದದ್ದನ್ನು ಆಮೇಲೆ ಓದಿ. ಸಭೆಗೆ ಬರಲಾಗದಂತೆ ತಮ್ಮದೇ ಕೆಲಸ ಹಿಡಿದಿಟ್ಟವರಿಗೆ, ಕಾವಲುಗಾರರಿಗೆ, ಅಡುಗೆಕೋಣೆಯವರಿಗೆ, ಇನ್ನೊಂದು ದಿನ ಸಭೆ ನಡೆಸಿ.

ಕಣ್ಣಿನ ಡಾಕ್ಟರು ಅಮ್ಮನಿಗೆ ಬಿಡಿಸಿ ಹೇಳಿದ್ದಾರೆ: ಇಂಜೆಕ್ಷನ್ ತಪ್ಪಿದರೆ ಪೂರ್ತಿ ಕತ್ತಲಾಗುವುದಿಲ್ಲ, ನೋಡುವುದರ ನಡುಭಾಗ ಮಾತ್ರ ಹೋಗುತ್ತದೆ. “ಬಟ್ಟೆ ಕಾಣುತ್ತೆ ಅಮ್ಮ, ಹೊಲಿಗೆ ಕಾಣಲ್ಲ” ಎಂದರು. ಮಾರನೆಯ ದಿನದಿಂದ ಅಮ್ಮ ಬೆಳಗಿನ ಬಿಸಿಲು ಕಿಟಕಿಗೆ ಬಂದಾಗ ಕೂತು, ಸೂಜಿಗಳಿಗೆ ದಾರ ಪೋಣಿಸಿ ಒಂದು ಹಳೆಯ ದಿಂಬಿಗೆ ಸಾಲಾಗಿ ಚುಚ್ಚಿಡುತ್ತಿದ್ದಾಳೆ. ಅಂದಿಗೆ ಬೇಕಾದಷ್ಟಲ್ಲ, ಅದಕ್ಕಿಂತ ಬಹಳ ಹೆಚ್ಚು. ಯಾಕಿಷ್ಟು ಎಂದು ಕೇಳಿದರೆ, ಕೆಲಸ ಬೇಗ ಆಗಲಿ ಅಂತ ಎನ್ನುತ್ತಾಳೆ. ದಿಂಬು ತುಂಬುತ್ತಾ ಬಂದಿದೆ. ತಾವು ದಯವಿಟ್ಟು ಬೇಗ ಸಹಿ ಮಾಡಿ, ಅವಳು ಇನ್ನೊಂದು ದಿಂಬು ಹುಡುಕುವ ಮೊದಲು.

ಇಂತಿ,
ಕಾಗದದ ಮೇಲೆ ಮಾತ್ರ ಬಾಯಿ ಬರುವ,
ತಮ್ಮ ಹಳೆಯ ನೌಕರನ ಮಗಳು