ಸಾವಕಾರನ ಗಾಡಿಯ ಹಳದಿ ದೀಪ

ಅಪ್ಪಾ,

ರಬಕವಿಯ ಆ ನೂಲಿನ ಸಾವಕಾರ ನೆನಪಿದ್ದಾನಲ್ಲ? ಹೇಗೆ ಮರೆತೀಯ. ಬನಹಟ್ಟಿಯ ನಮ್ಮ ಅಂಗಡಿಯ ಮುಂದೆ ನಿಂತು, ಎದುರಿನ ಕಟಿಂಗ್ ಅಂಗಡಿಯವರೆಲ್ಲ ಕೇಳುವಂತೆ, "ಹೊಸಾ ಸೆನ್ಸರ್ ಅಂತ ಹೇಳಿ ಡೂಪ್ಲಿಕೇಟ್ ಹಾಕ್ಯಾನ್ರೀ ಈ ಕಳ್ಳ" ಅಂದವನು. ಗಾಜು ತೊಳೆಯುವ ನೀರಿನ ಡಬ್ಬಿ ತುಂಬಿದ್ದರೂ ಖಾಲಿ ಎಂದು ಅವನ ಗಾಡಿಯಲ್ಲಿ ಹಳದಿ ದೀಪ ಉರಿಯುತ್ತಿತ್ತು, ಅಷ್ಟೇ. ನೀನು ಸೆನ್ಸರ್ ಬದಲಿಸಿದ್ದೆ, ಎರಡು ತಿಂಗಳಿಗೆ ಮತ್ತೆ ಅದೇ ದೀಪ. ಅವತ್ತು ನೀನು ಷಟರ್ ಎಳೆದೆ. ಆಮೇಲೆ ಸಾಯುವವರೆಗೂ ಆ ಕಟಿಂಗ್ ಅಂಗಡಿಗೆ ದಾಡಿ ಮಾಡಿಸಲೂ ಹೋಗಲಿಲ್ಲ.

ಕಳೆದ ಸೋಮವಾರ ಅದೇ ಗಾಡಿ ಬಂತು. ಜಮಖಂಡಿ, ಮುಧೋಳ ಎಲ್ಲ ತಿರುಗಿದನಂತೆ, ಎಲ್ಲರೂ ಫ್ಯೂಸು, ತಂತಿ ಬದಲಿಸಿ ಕಳಿಸಿದ್ದರು. ಅಂಗಡಿ ಈಗ ನಿನ್ನ ಮಗಳು ನಡೆಸುತ್ತಾಳೆಂದು ಗೊತ್ತಿದ್ದೂ ಬಂದ, ನಾಚಿಕೆಗೆಟ್ಟವನು. ಹೊರಗೆ ಹಾಕಬೇಕೆನಿಸಿತು. ಆದರೆ ಆ ದೀಪ ಯಾಕೆ ಉರಿಯುತ್ತದೆಂದು ನನಗೆ ತಿಳಿಯಬೇಕಾಗಿತ್ತು.

ನೀನು ಕಲಿಸಿದ ಹಾಗೆಯೇ ಮಾಡಿದೆ. ಸೆನ್ಸರಿನ ಪ್ಲಗ್ ಕಿತ್ತು ಎರಡೂ ತಂತಿ ಕೂಡಿಸಿದೆ, ದೀಪ ಆರಿತು. ಅಂದರೆ ತಂತಿ ಸರಿ ಇದೆ. ಸೆನ್ಸರ್ ಹೊರತೆಗೆದರೆ, ನೀರಿನ ಜೊತೆ ಮೇಲೇಳಬೇಕಾದ ತೇಲುಬಿಲ್ಲೆ ಬೂದು ಗಸಿಯಲ್ಲಿ ಕಚ್ಚಿಕೊಂಡು ಕೂತಿತ್ತು. ಬೆರಳಿನಿಂದ ಉಜ್ಜಿ ನೋಡಿದೆ. ವಿಭೂತಿ.

"ಈ ಡಬ್ಬಿಗೆ ಏನ್ ಹಾಕ್ತೀರಿ?"

"ಪೂಜಿ ನೀರು, ತಂಗಿ. ವಿಭೂತಿ ಕೂಡಿರ್ತೈತಿ, ಮಂದಿ ತುಳಿಯೂ ಕಡೆ ಚೆಲ್ಲಾಕ ಬರಂಗಿಲ್ಲಲ್ಲ? ಅಮಾಸಿಗೊಮ್ಮಿ ಇದರಾಗ ಹಾಕ್ತೀನಿ. ಗಾಡಿಗೂ ಛಲೋ."

ಈ ಒಂದು ಪ್ರಶ್ನೆ ನೀನೇಕೆ ಕೇಳಲಿಲ್ಲ? ದೊಡ್ಡವರನ್ನು ಹೇಗೆ ಕೇಳುವುದೆಂಬ ನಿನ್ನ ಸಂಕೋಚ... ಹೋಗಲಿ. ನೀನು ಹಾಕಿದ ಸೆನ್ಸರಿನ ಮೇಲೆ ಕಂಪನಿಯ ಮುದ್ರೆ ಹಾಗೇ ಇತ್ತು. ಸಾವಕಾರನನ್ನು ಕಟಿಂಗ್ ಅಂಗಡಿಯ ಬಾಗಿಲಿಗೆ ಕರೆದೊಯ್ದು ಅದನ್ನು ಅವನ ಅಂಗೈಯಲ್ಲಿಟ್ಟೆ. "ಓದ್ರಿ. ಯಾರ ತಪ್ಪಿದು?" ಬಾಯೊಳಗೇ ಏನೋ ಅಂದ. "ಅವತ್ತ ಅಂದಷ್ಟ ಜೋರಾಗಿ ಅನ್ರಿ."

"ತಪ್ಪು ನಂದು. ಅಂವಾ ಕಳ್ಳ ಅಲ್ಲ."

ಸೋಪು ಮೆತ್ತಿದ ಮುಖಗಳು ಕನ್ನಡಿ ಬಿಟ್ಟು ಇತ್ತ ತಿರುಗಿದವು. ಹೊಟ್ಟೆ ತಣ್ಣಗಾಯಿತು ಅಪ್ಪಾ, ಸುಳ್ಳೇಕೆ ಹೇಳಲಿ? ಆದರೂ ಸಾಲಲಿಲ್ಲ.

ಹೊಸದು ಹಾಕು ಎಂದ, ಹಾಕಲಿಲ್ಲ. ಡಬ್ಬಿ ತೊಳೆದು, ನಿನ್ನ ಸೆನ್ಸರನ್ನೇ ಉಜ್ಜಿ ಕೂರಿಸಿ, ಬರೀ ನೀರು ತುಂಬಿದೆ. ದೀಪ ಆರಿತು. ಗಾಡಿಯ ಕೀಲಿ ಮಾತ್ರ ಕೊಡಲಿಲ್ಲ. "ನಮ್ಮ ಮನಿಗೆ ಹೋಗಿ ಅವ್ವಗ ಹೇಳಿ ಬರ್ರಿ. ಆಮ್ಯಾಲ ಕೀಲಿ" ಎಂದೆ. ಬಿಸಿಲಲ್ಲಿ ನಡೆದುಕೊಂಡೇ ಹೋದ, ನಾನೂ ಹಿಂದೆಯೇ ಹೋದೆ.

ಅವ್ವನನ್ನು ನೀನು ಬಲ್ಲೆ. ಕರೆಂಟ್ ಬಿಲ್ ಕೊಡಲು ಬಂದವನನ್ನೂ ಚಹಾ ಕುಡಿಸದೆ ಕಳಿಸಿದವಳಲ್ಲ. ಸಾವಕಾರ ಹೊಸ್ತಿಲ ಹೊರಗೆ ನಿಂತು ಎಲ್ಲ ಹೇಳಿದ. ಪೂರ್ತಿ ಕೇಳಿಸಿಕೊಂಡು, "ಆತು. ಹೋಗ್ರಿ" ಎಂದಳು. ನಾನು ಕೀಲಿ ಕೊಟ್ಟೆ. ಒಳಗೆ ಚಹಾ ಕುದಿಯುತ್ತಿತ್ತು. ಅವನಿನ್ನೂ ಅಂಗಳ ದಾಟಿರಲಿಲ್ಲ, ಅವ್ವ ಎರಡು ಕಪ್ಪಿಗೆ ಸೋಸಿದಳು, ನನಗೊಂದು, ತನಗೊಂದು.